ಸೊಸೆಯ ಗುಡಾಣದ ಮಸಿ

ನನ್ನ ಮಗ ಓಹಾಜ್ ಮದುವೆಯಾಗಿ ಬಂದ ದಿನ ಲಾರಿಯಿಂದ ಮೊದಲು ಇಳಿದದ್ದು ಸೊಸೆಯಲ್ಲ, ಒಂದು ಹಳೆಯ ಗುಡಾಣ. ಗೋಣಿಯಲ್ಲಿ ಸುತ್ತಿ, ಹಗ್ಗ ಬಿಗಿದು, ಎರಡು ಹಾಸಿಗೆಗಳ ನಡುವೆ ಕೂರಿಸಿ, ಪೋರ್ಟ್ ಸುಡಾನ್‌ನಿಂದ ನಮ್ಮ ಕಸ್ಸಲಾದವರೆಗೆ ಅದನ್ನು ಹಸುಗೂಸಿನ ಹಾಗೆ ತಂದಿದ್ದರು. ಸೊಸೆ ಮದೀನಾ ತಾನು ಕೆಳಗಿಳಿದ ಮೇಲೂ ಅದರ ಮೇಲಿನ ಕೈ ತೆಗೆಯಲಿಲ್ಲ. ನನಗೆ ಆಗಲೇ ಸರಿಬರಲಿಲ್ಲ.

ನಮ್ಮ ಮನೆಯಲ್ಲಿ ನೀರಿನ ಗುಡಾಣಗಳಿಗೆ ಬರವೇ? ಅಂಗಳದ ಬೇವಿನ ನೆರಳಿನಲ್ಲಿ, ಕಬ್ಬಿಣದ ಕಾಲುಗಳ ಮೇಲೆ, ನನ್ನವೇ ಎರಡು ನಿಂತಿದ್ದವು. ಗಾಶ್ ನದಿಯ ಮಣ್ಣಿನವು. ಎಂಥ ಬಿಸಿಲಿನಲ್ಲೂ ಮೈಯೆಲ್ಲ ಬೆವರಿ, ಒಳಗಿನ ನೀರನ್ನು ಹಲ್ಲು ಜುಮ್ಮೆನ್ನುವ ಹಾಗೆ ಇಡುತ್ತಿದ್ದವು.

"ಇದೇನೇ ಇದು? ನಮ್ಮೂರಲ್ಲಿ ಕುಂಬಾರರು ಸತ್ತೋಗಿದಾರಾ?" ಎಂದು ಕೇಳಿದೆ.

"ಅಮ್ಮನ ಗುಡಾಣ ಅತ್ತೆ. ಹುಟ್ಟಿದಾಗಿಂದ ಇದರ ನೀರೇ ಕುಡಿದಿರೋದು. ಹೊಸ ಗುಡಾಣದ ನೀರು ಬರೀ ಮಣ್ಣು ನಾತ ಹೊಡೆಯುತ್ತೆ."

"ಸರಿ, ಚೆನ್ನಾಗಿ ಉಜ್ಜಿ ತೊಳೆದು ಇಡು."

"ಹೊರಗೆ ತೊಳೀತೀನಿ. ಒಳಗೆ ಉಜ್ಜೋ ಹಾಗಿಲ್ಲ ಅತ್ತೆ. ರುಚಿ ಹೋಗಿಬಿಡುತ್ತೆ."

ಮೈಮೇಲಿನ ಮದುವೆಯ ಗಂಧ ಆರುವ ಮೊದಲೇ 'ಹಾಗಿಲ್ಲ' ಎಂದಳು. ನಾನು ಹೊಸ್ತಿಲು ತುಳಿದ ದಿನ ನನ್ನ ಅತ್ತೆಗೆ ಹಾಗೆ ಅಂದಿದ್ದರೆ ನನ್ನನ್ನು ಅದೇ ಒಂಟೆಯ ಮೇಲೆ ಹಿಂದಕ್ಕೆ ಕಳಿಸುತ್ತಿದ್ದರು. ಆದರೂ ಬಾಯಿ ಬಿಗಿಹಿಡಿದೆ. ಓಹಾಜ್ ಹಿಂದೆ ನಿಂತು ಹಲ್ಲು ಕಿರಿಯುತ್ತಿದ್ದ.

ಓಹಾಜ್ ಪೋರ್ಟ್ ಸುಡಾನ್ ಬಂದರಿಗೂ ನಮ್ಮೂರಿಗೂ ಲಾರಿ ಓಡಿಸುತ್ತಿದ್ದ. ಬಂದರಿನಲ್ಲಿ ಒಂದು ಕೆಟ್ಟ ಜ್ವರವಿದೆ. ಎಲುಬುಗಳನ್ನು ಯಾರೋ ಒಳಗಿನಿಂದ ಮುರಿದ ಹಾಗೆ ನೋಯಿಸುತ್ತದೆ. ನಮ್ಮ ಓಣಿಯ ಡ್ರೈವರುಗಳು ಅದನ್ನು ವರ್ಷವರ್ಷವೂ ಹೊತ್ತು ತರುತ್ತಿದ್ದರು. ಬಂದವರು ಹಗ್ಗದ ಮಂಚದ ಮೇಲೆ ಬಿದ್ದುಕೊಂಡು ನರಳುತ್ತಿದ್ದರು, ಹೆಂಡತಿಯರನ್ನು ಬೈಯುತ್ತಿದ್ದರು, ಒಂದು ವಾರ ಕಳೆದರೆ ಎದ್ದು ಮತ್ತೆ ಸ್ಟಿಯರಿಂಗ್ ಹಿಡಿಯುತ್ತಿದ್ದರು. ಅಲ್ಲಿಗೆ ಮುಗಿಯಿತು. ಪಕ್ಕದ ಮಂಚದವರಿಗೆ ಅದು ಹತ್ತಿದ್ದನ್ನು ನಾನು ಕಂಡಿರಲಿಲ್ಲ.

ಆ ವರ್ಷ ಓಹಾಜ್‌ಗೂ ಬಂತು. ಸೊಸೆ ಬಂದು ಸ್ವಲ್ಪ ಕಾಲವಾಗಿತ್ತು, ಬಸುರಿಯೂ ಆಗಿದ್ದಳು. ಓಹಾಜ್ ಮಲಗಿದ, ಎದ್ದ, ಲಾರಿ ಹತ್ತಿ ಹೋದ. ಅವನ ಹಿಂದೆಯೇ ನಾನು ಬಿದ್ದೆ. ನನ್ನ ಹಿಂದೆ ಪಕ್ಕದ ಮನೆಯ ಬಖೀತಾ. ಆಮೇಲೆ ಎದುರು ಮನೆ, ಮೂಲೆಯ ಮನೆ, ಮಸೀದಿಯ ಗೋಡೆಗೆ ಹತ್ತಿದ ಮನೆ. ಬಖೀತಾಳ ಮಗಳಿಗಂತೂ ವಸಡಿನಿಂದ ರಕ್ತ ಬಂದು ಆಸ್ಪತ್ರೆಗೆ ಎತ್ತಿಕೊಂಡು ಓಡಿದರು. ಇಡೀ ಓಣಿ ಮುದುಕರ ಹಾಗೆ ಗೋಡೆ ಹಿಡಿದು ನಡೆಯುವಂತಾಯಿತು.

ಒಬ್ಬಳಿಗೆ ಮಾತ್ರ ಏನೂ ಆಗಲಿಲ್ಲ. ಮದೀನಾ ಹೊಟ್ಟೆ ಹೊತ್ತುಕೊಂಡೇ ನನಗೆ ಅಸೀದಾ ಮುದ್ದೆ ಕಲಸಿ ತುತ್ತು ಮಾಡಿ ಉಣಿಸಿದಳು, ನನ್ನ ತೋಬ್ ಒಗೆದಳು, ಮನೆಮನೆಗೆ ಶುಂಠಿ ಕಾಫಿ ಹೊತ್ತಳು. ಮೈ ಒಂದಿಷ್ಟು ಬೆಚ್ಚಗೂ ಆಗಲಿಲ್ಲ.

ಬಖೀತಾ ಎದ್ದು ಕೂರುವಂತಾದ ಮೇಲೆ ನನ್ನ ಮಂಚದ ತುದಿಗೆ ಬಂದು ಕೂತಳು. "ಬತೂಲಕ್ಕಾ, ಒಂದು ಮಾತು. ಸಿಟ್ಟಾಗಬೇಡ."

"ಸಿಟ್ಟು ಬರೋ ಮಾತು ಆಡಬೇಡ ಹಾಗಾದ್ರೆ."

"ಎಲ್ಲರೂ ಬಿದ್ವಿ. ನಿನ್ನ ಸೊಸೆ ಯಾಕೆ ಬೀಳಲಿಲ್ಲ?"

"ಹರೆಯದ ಹುಡುಗಿ, ಗಟ್ಟಿಯಾಗಿದಾಳೆ."

"ನನ್ನ ಮಗಳು ಹರೆಯದವಳಲ್ವಾ?" ಎಂದು ದನಿ ತಗ್ಗಿಸಿದಳು. "ಆ ಗುಡಾಣದೊಳಗೆ ಯಾರನ್ನೂ ಕೈ ಹಾಕೋಕೆ ಬಿಡಲ್ವಂತೆ. ಯಾಕೆ? ಒಳಗೇನಿದೆ? ಓಣಿ ತುಂಬ ಅದೇ ಮಾತು. ನಾನಲ್ಲಪ್ಪ, ಓಣಿ."

ಅವಳನ್ನು ಬೈದು ಕಳಿಸಿದೆ. ಕಳಿಸಿ, ಮದೀನಾ ಹಿಟ್ಟಿನ ಗಿರಣಿಗೆ ಹೋಗುವುದನ್ನೇ ಕಾದು, ಗುಡಾಣದ ಮುಚ್ಚಳ ತೆಗೆದೆ.

ನೀರು ತಳದ ಕಡೆ ಇಳಿದಿತ್ತು. ಬಿಸಿಲು ಓರೆಯಾಗಿ ಒಳಗೆ ಬಿದ್ದಾಗ ಕಂಡಿತು. ನೀರಿನ ಮಟ್ಟಕ್ಕಿಂತ ಮೇಲೆ, ಒದ್ದೆ ಗೋಡೆಯ ಸುತ್ತ, ಕಪ್ಪು ಚುಕ್ಕೆಗಳ ಸಾಲು. ಸಾಸಿವೆಗಿಂತ ಎಷ್ಟೋ ಸಣ್ಣವು, ಮಸಿಪುಡಿ ಉದುರಿಸಿ ಅಂಟಿಸಿದ ಹಾಗೆ. ಅದರ ಮೇಲೆ ಇನ್ನೊಂದು ಸಾಲು. ಯಾರೋ ಕೂತು ಬರೆದ ಹಾಗೆ.

ಫಕೀಗಳು ಮಸಿಯನ್ನೂ ಗೋಂದನ್ನೂ ಕಲಸಿ ಮರದ ಹಲಗೆಯ ಮೇಲೆ ಕುರಾನಿನ ಸಾಲು ಬರೆಯುವುದು, ಅದನ್ನು ತೊಳೆದ ನೀರನ್ನು ರೋಗಿಗೆ ಕುಡಿಸುವುದು ನಾವು ಹುಟ್ಟಿದಾಗಿನಿಂದ ಕಂಡದ್ದು. ಒಳ್ಳೆಯದಕ್ಕೆ ಬರೆಯುವವರು ಇದ್ದಾರೆ, ಕೆಟ್ಟದ್ದಕ್ಕೆ ಬರೆಯುವವರೂ ಇದ್ದಾರೆ. ಹಾಗಾದರೆ ಇವಳ ತಾಯಿ ಗುಡಾಣದ ಒಳಗೋಡೆಗೇ ಬರೆಸಿ ಕಳಿಸಿದ್ದಾಳೆ. ನನ್ನ ಮಗನನ್ನು ಕಟ್ಟಿಹಾಕುವುದಕ್ಕೆ. ಉಜ್ಜಬಾರದು ಎಂದದ್ದು ಅದಕ್ಕೇ! ರುಚಿಯಂತೆ ರುಚಿ!

ಬಿಳಿ ಬಟ್ಟೆಯ ಚೂರನ್ನು ಬೆರಳಿಗೆ ಸುತ್ತಿ ಆ ಸಾಲನ್ನು ಒರೆಸಿದೆ. ಚುಕ್ಕೆಗಳು ಬಟ್ಟೆಗೆ ಹತ್ತಿಕೊಂಡು ಬಂದವು. ಮಡಚಿ ಸೆರಗಿಗೆ ಕಟ್ಟಿಕೊಂಡು ಫಕೀ ಆದರೋಬ್ ಹತ್ತಿರ ಹೋದೆ. ಅವನು ನನ್ನ ಗಂಡನ ಕಡೆಯ ನಂಟ; ಕಣ್ಣು ಮಂಜಾದರೂ ಬಾಯಿ ಮಂಜಾಗಿಲ್ಲ.

ಬಟ್ಟೆಯನ್ನು ಮೂಗಿಗೆ ಹಿಡಿದ, ಬೆರಳಲ್ಲಿ ತಿಕ್ಕಿದ. "ಮಸಿ ಅಲ್ಲ ಇದು."

"ಮಸಿಯೇ. ಸರಿಯಾಗಿ ನೋಡು."

"ನಲವತ್ತು ವರ್ಷದಿಂದ ಮಸಿ ಅರೆದಿರೋನು ನಾನಾ ನೀನಾ? ಮಸಿ ಆದ್ರೆ ನೀರಿಗೆ ಬಿದ್ದ ತಕ್ಷಣ ಬಿಟ್ಟುಕೊಳ್ಳುತ್ತೆ. ಒಂದು ಲೋಟ ನೀರಲ್ಲಿ ಹಾಕಿ ನೋಡು. ಕರಗಿದ್ರೆ ನನ್ನ ಹತ್ರ ಬಾ. ಕರಗದಿದ್ರೆ ಸೊಸೆ ಕೈಯ ಕಾಫಿ ಕುಡಿದು ತೆಪ್ಪಗಿರು."

ಮನೆಗೆ ಬಂದು ಗಾಜಿನ ಲೋಟದಲ್ಲಿ ನೀರು ತುಂಬಿ ಬಟ್ಟೆಯನ್ನು ಮುಳುಗಿಸಿದೆ. ಕರಗಲಿಲ್ಲ. ಹೊತ್ತು ಮುಳುಗುವವರೆಗೆ ನೋಡಿದೆ, ಒಂದು ಚುಕ್ಕೆಯೂ ಕರಗಲಿಲ್ಲ. ನನಗೆ ಹೆದರಿಕೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ನೀರಿಗೇ ಕರಗದ ಮಾಟ ಎಂದರೆ ಇನ್ನೆಂಥ ಗಟ್ಟಿ ಮಾಟ! ಹಿರಿಯರ ಎದುರಿಗಲ್ಲದೆ ಬಿಚ್ಚುವುದಿಲ್ಲ ಎಂದು ಲೋಟದ ಬಾಯಿಗೆ ಬಟ್ಟೆ ಕಟ್ಟಿ ಬೀರುವಿನ ಮೇಲೆ ಇಟ್ಟೆ. ಆಮೇಲೆ ಆ ಕಡೆ ಮುಖ ಹಾಕಲಿಲ್ಲ.

ಆ ದಿನಗಳಲ್ಲೇ ಇನ್ನೊಬ್ಬಳು ಬಂದಳು. ದಕ್ತೂರಾ ಇಖ್ಲಾಸ್, ಅಂದರೆ ಡಾಕ್ಟರಮ್ಮ, ರಾಜಧಾನಿಯ ಕಡೆಯವಳು. ಕೈಯಲ್ಲಿ ಟಾರ್ಚು, ಸೌಟು, ಮುಚ್ಚಳದ ಸಣ್ಣ ಡಬ್ಬಿಗಳು. ಜ್ವರ ಬಂದವರನ್ನು ನೋಡುವುದಿಲ್ಲವಂತೆ, ಮಾತ್ರೆ ಕೊಡುವುದಿಲ್ಲವಂತೆ. ಅವಳಿಗೆ ಬೇಕಾದದ್ದು ನಮ್ಮ ಗುಡಾಣಗಳಲ್ಲಿನ ಹುಳ.

"ಹುಳ ಯಾಕೆ?"

"ಸಾಕ್ತೀವಿ ಖಾಲಾ. ಸೊಳ್ಳೆ ಆಗೋವರೆಗೆ."

"ಸೊಳ್ಳೆ ಸಾಕ್ತೀರಾ? ಓಣಿ ತುಂಬ ಜನ ಸಾಯ್ತಾ ಬಿದ್ದಿದಾರೆ, ನೀವು ಸೊಳ್ಳೆ ಸಾಕ್ತೀರಾ? ಸಾಕಿ ಎಲ್ಲಿ ಬಿಡ್ತೀರಾ, ಇಲ್ಲೇನಾ?"

"ಬಿಡಲ್ಲ. ಬಂದ್ ಮಾಡಿದ ಕೋಣೆಯಲ್ಲೇ ಹುಟ್ಟಿ ಅಲ್ಲೇ ಸಾಯ್ತವೆ."

"ನಡಿ ಆಚೆ. ನಮ್ಮ ಹುಳ ನಮಗಿರಲಿ."

ಅವಳು ಹೋದಳು ಎಂದುಕೊಂಡು ನಮಾಜಿಗೆ ನಿಂತೆ. ಮುಗಿಸಿ ತಿರುಗಿದರೆ, ಮದೀನಾ ತನ್ನ ಗುಡಾಣದ ಮುಚ್ಚಳ ತೆಗೆದು ಟಾರ್ಚು ಹಿಡಿದಿದ್ದಾಳೆ, ಆ ಹೆಂಗಸು ಒಳಗೆ ಬಗ್ಗಿದ್ದಾಳೆ, ಇಬ್ಬರೂ ಗುಸುಗುಸು. ನನಗೆ ಮುಟ್ಟಲು ಬಿಡದ ಗುಡಾಣ! ದಾರಿಹೋಕಳಿಗೆ ತೆರೆದಿಟ್ಟಿದ್ದಾಳೆ! ನನ್ನ ತಲೆಯಲ್ಲಿ ಎಲ್ಲ ಒಂದಕ್ಕೊಂದು ಸೇರಿಕೊಂಡಿತು. ಬಂದರಿನ ತಾಯಿ, ರಾಜಧಾನಿಯ ದಕ್ತೂರಾ, ನಡುವೆ ಈ ಗುಡಾಣ.

ಅವತ್ತೇ ಬಂದರಿನಿಂದ ಬಂದ ಓಹಾಜ್‌ಗೆ ಹೇಳಿಬಿಟ್ಟೆ. "ಚೊಚ್ಚಲು ಹೆರಿಗೆಗೆ ತವರಿಗೆ ಹೋಗ್ತಾಳಲ್ಲ, ಈಗಲೇ ಹೋಗಲಿ. ವಾಪಸ್ ಬರೋದು ಬೇಡ."

"ಅಮ್ಮಾ, ತಲೆ ಸರಿ ಇದೆಯಾ?"

"ನನ್ನ ತಲೆ ಸರಿಯಾಗೇ ಇದೆ. ಕಟ್ಟಿಹಾಕಿರೋದು ನಿನ್ನದನ್ನ."

ಮದೀನಾ ಬಾಗಿಲ ಹಿಂದೆಯೇ ಇದ್ದಳು, ಕೇಳಿಸಿಕೊಂಡಳು. ಅಳಲಿಲ್ಲ. ತನ್ನ ಅಣ್ಣನಿಗೆ ಫೋನು ಮಾಡಿದಳು.

ಅಣ್ಣ ಒನೂರ್ ಬಂದರಿನಲ್ಲಿ ಹಡಗಿನ ಮೂಟೆ ಇಳಿಸುವವರ ಮೇಸ್ತ್ರಿ. ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬರದಂಥ ಆಳು. ಬಂದವನು ಅಂಗಳದ ಚಾಪೆಯ ಮೇಲೆ ಕೂತ. ನಮ್ಮ ಕಡೆಯಿಂದ ನನ್ನ ಮೈದುನ ಓಕೀರ್, ಫಕೀ ಆದರೋಬ್, ಓಣಿಯ ಹಿರಿಯರು ಕೂತರು. ನಾನು ಕೈಯಾರೆ ಕಾಫಿ ಬೀಜ ಹುರಿದು, ಶುಂಠಿ ಕುಟ್ಟಿ, ಕುದಿಸಿ ಬಟ್ಟಲು ತುಂಬಿ ಅವನ ಮುಂದಿಟ್ಟೆ. ಒನೂರ್ ಅದನ್ನು ಮುಟ್ಟಲಿಲ್ಲ. ಕಾಫಿ ಮುಟ್ಟದಿದ್ದರೆ ರಾಜಿಯಿಲ್ಲ ಎಂದರ್ಥ; ನಮ್ಮವರಲ್ಲಿ ಅದು ಮಕ್ಕಳಿಗೂ ಗೊತ್ತು.

"ನನ್ನ ತಂಗಿ ಮೇಲೆ ಏನು ಹೊರಿಸ್ತಿದೀರಿ? ಬಾಯಿಬಿಟ್ಟು ಹೇಳಿ. ಹೇಳಿದ ಮೇಲೆ ಅವಳನ್ನ ಕರ್ಕೊಂಡು ಹೋಗ್ತೀನಿ. ಈ ಬಾಗಿಲು ಮತ್ತೆ ನೋಡಲ್ಲ ನಾವು."

"ಹೇಳೋದೇನು, ತೋರಿಸ್ತೀನಿ," ಎಂದೆ. ಒಳಗೆ ಹೋಗಿ ಬೀರುವಿನ ಮೇಲಿನ ಲೋಟ ತಂದು ಚಾಪೆಯ ನಡುವೆ ಇಟ್ಟೆ. "ಇದು ಇವಳ ಗುಡಾಣದ ಗೋಡೆಗೆ ಬರೆದಿದ್ದ ಮಸಿ. ಫಕೀ ಎದುರಿಗೇ ಬಿಚ್ಚಿ."

ಓಕೀರ್ 'ಬಿಸ್ಮಿಲ್ಲಾ' ಎಂದು ಬಟ್ಟೆ ಬಿಚ್ಚಿದ. ಬಗ್ಗಿ ನೋಡಿದವನು ಹಿಂದಕ್ಕೆ ಜಿಗಿದ.

ಲೋಟದ ತುಂಬ ಹುಳ. ಕೊಂಕುತ್ತ, ಮೇಲೆ ಬರುತ್ತ, ಬಾಲ ನೀರಿನ ಮೇಲ್ಮೈಗೆ ಹಚ್ಚಿ ತಲೆಕೆಳಗಾಗಿ ನೇತಾಡುತ್ತ.

ಆಮೇಲೆ ಫಕೀ ಆದರೋಬ್ ಕಣ್ಣಿಗೆ ಲೋಟ ಹತ್ತಿರ ಹಿಡಿದು ನೋಡಿ, ಗೊಳ್ಳೆಂದು ನಕ್ಕ. "ಬತೂಲ್! ನನ್ನ ಮಸಿಗೆ ಇಷ್ಟು ಶಕ್ತಿ ಇದ್ದಿದ್ರೆ ನಾನು ಈ ಹರಕು ಚಾಪೆ ಮೇಲೆ ಕೂರ್ತಿದ್ನಾ?"

"ನಗಬೇಡ! ನಾನು ಹಾಕಿದ್ದು ಮಸಿಪುಡಿ. ಅದು ಹುಳ ಆಗಿದೆ ಅಂದ್ರೆ—"

"ಮೊಟ್ಟೆ ಅತ್ತೆ ಅವು," ಮದೀನಾ ಬಾಗಿಲಿನಿಂದ ಹೇಳಿದಳು. ಅವತ್ತು ಆಡಿದ ಮೊದಲ ಮಾತು ಅದು. "ಸೊಳ್ಳೆ ಮೊಟ್ಟೆ. ಆ ದಕ್ತೂರಾ ನನಗೆ ತೋರಿಸಿದ್ರು. ನಿಮಗೂ ತೋರಿಸೋಣ ಅಂದ್ರು, ನೀವು ಮೊದಲೇ ಓಡಿಸಿಬಿಟ್ಟಿದ್ರಿ."

ದಕ್ತೂರಾಳನ್ನು ಕರೆಸಿದರು. ಮೂಲೆಯ ಮನೆಯಲ್ಲೇ ಸೌಟು ಹಿಡಿದು ಕೂತಿದ್ದಳಂತೆ. ಬಂದು ಲೋಟ ನೋಡಿದವಳ ಮುಖ ಹಬ್ಬದ ಹಾಗೆ ಅರಳಿತು. ನನಗೆ ಅದನ್ನೂ ಸಹಿಸಲಾಗಲಿಲ್ಲ. ಒಣಗಿದ ಗುಡಾಣದ ಗೋಡೆಗೆ ಹತ್ತಿದ ಮೊಟ್ಟೆ ತಿಂಗಳುಗಟ್ಟಲೆ ಸಾಯದೆ ಕೂತಿರುತ್ತದೆ, ನೀರು ಮುಟ್ಟಿದರೆ ಒಡೆಯುತ್ತದೆ ಎಂದಳು. ಪೋರ್ಟ್ ಸುಡಾನ್‌ನಿಂದ ಲಾರಿಯ ಮೇಲೆ ಕೂತು ಬಂದದ್ದು ಹಾಗೆ.

"ಸೊಳ್ಳೆ ನಮ್ಮ ಗುಡಾಣದಲ್ಲೂ ಇದೆ. ನಮ್ಮಜ್ಜಿ ಕಾಲದಿಂದ ಇದೆ. ಆಗ ಬರದ ಜ್ವರ ಈಗ ಯಾಕೆ ಬಂತು?" ಎಂದು ಕೇಳಿದೆ. ನನ್ನ ಪ್ರಶ್ನೆಗೆ ಯಾರೂ ನಗಲಿಲ್ಲ.

"ಅದೇ ನನಗೂ ಗೊತ್ತಾಗಬೇಕಿದೆ ಖಾಲಾ," ಎಂದಳು ದಕ್ತೂರಾ. "ಈ ಲೋಟ ಕೊಡಿ. ನಿಮ್ಮ ಗುಡಾಣದಿಂದಲೂ ಒಂದು ಸೌಟು ಕೊಡಿ. ಸ್ವಲ್ಪ ಕಾಲ ಕೊಡಿ."

ಒನೂರ್ ಎದ್ದು ನಿಂತ. "ಕಾಲ ಗೀಲ ಇಲ್ಲ. ನಡಿಯೇ ಮದೀನಾ."

"ಕೂತ್ಕೋ ಅಣ್ಣ," ಎಂದಳು ಮದೀನಾ. "ಹೀಗೆ ಹೋದ್ರೆ ಮಾಟಗಾತಿ ಆಗಿ ಹೋಗ್ತೀನಿ. ನನ್ನ ಮಗು ಮಾಟಗಾತಿ ಮಗು ಆಗುತ್ತೆ. ನಾನು ಕಾಯ್ತೀನಿ."

ಹೆರಿಗೆಗೆ ಇನ್ನೂ ಸಮಯವಿತ್ತು. ಒನೂರ್ ಬೈದುಕೊಂಡು ಬಂದರಿಗೆ ವಾಪಸಾದ. ಅವನ ಕಾಫಿ ಬಟ್ಟಲಿನಲ್ಲೇ ಆರಿಹೋಗಿತ್ತು.

ಆ ದಿನಗಳು ಹೇಗೆ ಕಳೆದವು ಎಂದು ಕೇಳಬೇಡಿ. ಒಂದೇ ಅಂಗಳ, ಇಬ್ಬರು ಹೆಂಗಸರು. ಅವಳ ಗುಡಾಣದ ನೀರು ನಾನು ಕುಡಿಯಲಿಲ್ಲ, ನನ್ನದನ್ನು ಅವಳು ಕುಡಿಯಲಿಲ್ಲ. ಅವಳು ಸಾರಿಗೆ ಬೆಂಡೆಪುಡಿ ಹಾಕಿದರೆ ನಾನು ಬಗ್ಗಿ ನೋಡುತ್ತಿದ್ದೆ. ನಾನು ನೋಡುವುದನ್ನು ಅವಳು ನೋಡುತ್ತಿದ್ದಳು. ಬಖೀತಾ ದಿನವೂ ಬಂದು ಗೋಡೆಯಾಚೆಯಿಂದ "ಏನಾದ್ರೂ ಗೊತ್ತಾಯ್ತಾ?" ಎನ್ನುತ್ತಿದ್ದಳು. ಮಾಟವಲ್ಲ ಎಂದು ಕಣ್ಣಾರೆ ಕಂಡಿದ್ದರೂ ನನ್ನ ಅನುಮಾನ ಸಾಯಲಿಲ್ಲ, ಜಾಗ ಬದಲಾಯಿಸಿತು ಅಷ್ಟೆ. ಮಾಟವಲ್ಲದಿದ್ದರೂ ತಂದವಳು ಇವಳೇ ತಾನೆ?

ದಕ್ತೂರಾ ಮರಳಿ ಬಂದಾಗ ಮದೀನಾಳಿಗೆ ದಿನ ತುಂಬುತ್ತಾ ಬಂದಿತ್ತು. ಒನೂರ್ ಲಾರಿಯ ಮುಂದಿನ ಸೀಟಿಗೆ ದಿಂಬು ಹಾಕಿಕೊಂಡೇ ಬಂದಿದ್ದ. ಅವತ್ತಿನವರೇ ಚಾಪೆಯ ಮೇಲೆ ಕೂತರು. ಓಹಾಜ್ ಈ ಸಲ ಊರಲ್ಲಿದ್ದ. ನಾನು ಕಾಫಿ ಬಗ್ಗಿಸಿದೆ, ಒನೂರ್ ಮುಟ್ಟಲಿಲ್ಲ.

"ಎರಡೂ ಗುಡಾಣದ ಹುಳ ಸಾಕಿದ್ವಿ," ದಕ್ತೂರಾ ಹೇಳಿದಳು. "ಸೊಳ್ಳೆ ಆದವು. ಪಕ್ಕಪಕ್ಕ ಇಟ್ಟರೆ ನನಗೂ ಗುರುತು ಸಿಗಲ್ಲ, ಅಷ್ಟು ಒಂದೇ ಥರ. ಎರಡಕ್ಕೂ ಜ್ವರದ ವೈರಸ್ ಬೆರೆಸಿದ ರಕ್ತ ಕುಡಿಸಿದ್ವಿ."

"ಯಾರ ರಕ್ತ?" ಎಂದೆ.

"ನಿಮ್ಮದಲ್ಲ ಖಾಲಾ."

ಓಕೀರ್ ಕಿಸಕ್ಕೆಂದ. ನಾನು ಅವನನ್ನು ಸುಡುವ ಹಾಗೆ ನೋಡಿದೆ.

"ನಿಮ್ಮ ಗುಡಾಣದವು ಕುಡಿದವು, ಆದರೆ ಮುಕ್ಕಾಲು ಪಾಲಿನವಕ್ಕೆ ಏನೂ ಹತ್ತಲಿಲ್ಲ. ವೈರಸ್ಸು ಹೊಟ್ಟೆಯ ಗೋಡೆ ದಾಟಲಿಲ್ಲ, ಅಲ್ಲೇ ಸತ್ತಿತು. ಮದೀನಾ ಗುಡಾಣದವು ಕುಡಿದವು, ಹೆಚ್ಚಿನವಕ್ಕೆ ಹತ್ತಿತು. ಹೊಟ್ಟೆ ದಾಟಿ ಮೈಗೆ ಹೋಯ್ತು, ಎಂಜಲಿಗೆ ಬಂತು. ಅಂಥದ್ದು ಕಚ್ಚಿದ್ರೆ ಜ್ವರ."

"ಯಾಕೆ ಹಾಗೆ? ಅವು ಏನು ತಿಂದು ಬೆಳೆದವು?" ಕೇಳಿದವನು ಓಕೀರ್.

"ತಿಂದದ್ದು ಒಂದೇ, ನೀರು ಒಂದೇ. ಇದು ಹುಟ್ಟಿನಿಂದ ಬಂದದ್ದು. ತಾಯಿ ತಂದೆಯಿಂದ ಮರಿಗೆ. ಕೆಲವು ವಂಶದ ಸೊಳ್ಳೆಗೆ ಸುಲಭವಾಗಿ ಹತ್ತುತ್ತೆ, ಕೆಲವಕ್ಕೆ ಹತ್ತಲ್ಲ. ಈಗ ನಿಮ್ಮ ಓಣಿಯಲ್ಲಿ ಎರಡೂ ಬೆರೆತಿವೆ."

ನಾನು ಎದ್ದು ನಿಂತೆ. ತೊಡೆ ತಟ್ಟಿದೆನೋ ಏನೋ. "ನಾನು ಏನು ಹೇಳಿದ್ದೆ? ಮೊದಲ ದಿನದಿಂದ ಏನು ಹೇಳಿದ್ದೆ? ಇವಳ ಗುಡಾಣದಿಂದಲೇ ಬಂತು! ನಮ್ಮ ಸೊಳ್ಳೆ ಒಳ್ಳೆ ಸೊಳ್ಳೆ! ಕೇಳಿಸ್ತೇನೋ ಓಹಾಜ್?"

ಮದೀನಾ ನೆಲ ನೋಡಿದಳು. ಒನೂರ್ ಕೋಲು ನೆಲಕ್ಕೂರಿ ಏಳಹೊರಟ.

"ಇನ್ನೂ ಮುಗಿದಿಲ್ಲ," ಎಂದಳು ದಕ್ತೂರಾ. "ಗುಡಾಣದ ಸೊಳ್ಳೆ ಬರಿಗೈಲಿ ಬಂದಿತ್ತು. ಮದುವೆಯಾಗಿ ಎಷ್ಟೋ ದಿನ ಯಾರಿಗೂ ಏನೂ ಆಗಲಿಲ್ಲ, ಹೌದಲ್ವಾ? ಜ್ವರ ಇರೋ ಮನುಷ್ಯನ ರಕ್ತ ಸಿಗದೆ ಸೊಳ್ಳೆ ಜ್ವರ ಹಂಚೋಕೆ ಆಗಲ್ಲ. ಈ ಅಂಗಳದಲ್ಲಿ ಮೊದಲು ಜ್ವರ ಬಂದು ಮಲಗಿದವರು ಯಾರು?"

ಎಲ್ಲರ ಕಣ್ಣೂ ಒಂದೊಂದಾಗಿ ಓಹಾಜ್ ಕಡೆ ತಿರುಗಿದವು. ಅವನು ಆ ಬೇವಿನ ಕೆಳಗೆ, ಆ ಗುಡಾಣದ ಪಕ್ಕದಲ್ಲೇ ಮಂಚ ಹಾಕಿಸಿಕೊಂಡು ನರಳಿದ್ದನ್ನು ಓಣಿಯೆಲ್ಲ ಕಂಡಿತ್ತು.

"ಅಂದ್ರೆ," ಒನೂರ್ ಮೆಲ್ಲಗೆ ಹೇಳಿದ, "ಸೊಳ್ಳೆ ನಮ್ಮದು, ಜ್ವರ ನಿಮ್ಮ ಮಗಂದು."

"ಜ್ವರವೂ ನಿಮ್ಮ ಬಂದರಿನದೇ!" ಎಂದೆ.

"ಹೊತ್ತು ತಂದವನು?"

ಫಕೀ ಆದರೋಬ್ ಗಡ್ಡದೊಳಗೆ ನಗುತ್ತಿದ್ದ. "ಬತೂಲ್, ಒಬ್ಬನ ಹತ್ರ ಬೆಂಕಿ, ಒಬ್ಬಳ ಹತ್ರ ಕಟ್ಟಿಗೆ. ಇವರಿಬ್ಬರಿಗೂ ಮದುವೆ ಮಾಡ್ಸಿದ್ದು ಯಾರಮ್ಮ?"

ಮಾಡಿಸಿದ್ದು ನಾನೇ. ಬಂದರಿನ ಹುಡುಗಿಯೇ ಬೇಕು, ಕೆಲಸದಲ್ಲಿ ಚುರುಕು ಎಂದು ಹಟ ಹಿಡಿದಿದ್ದೂ ನಾನೇ. ಅದನ್ನು ಅವನು ಅಲ್ಲಿ ಎತ್ತಬೇಕಾಗಿರಲಿಲ್ಲ.

"ಹಾಗಾದ್ರೆ ಇವಳಿಗೆ ಯಾಕೆ ಬರಲಿಲ್ಲ?" ನನ್ನ ಕೈಯಲ್ಲಿ ಉಳಿದದ್ದು ಅದೊಂದೇ ಕಲ್ಲು, ಎಸೆದೆ.

"ಚಿಕ್ಕವಳಿದ್ದಾಗ ಬಂದಿತ್ತು ಅತ್ತೆ," ಮದೀನಾ ಹೇಳಿದಳು. "ಬದುಕಲ್ಲ ಅಂದಿದ್ರಂತೆ. ಅಮ್ಮ ಈ ಗುಡಾಣದ ನೀರಲ್ಲೇ ಬಟ್ಟೆ ಅದ್ದಿ ಹಣೆಗೆ ಹಾಕಿದ್ಲು. ಅದಕ್ಕೇ ಇದನ್ನ ಬಿಟ್ಟು ಬರಲಿಲ್ಲ." ದಕ್ತೂರಾ ಅದಕ್ಕೆ ತಲೆಯಾಡಿಸಿದಳು. ಈ ಜ್ವರದಲ್ಲಿ ಕೆಲವು ಬಗೆಗಳಿವೆ, ಒಂದು ಬಗೆ ಒಮ್ಮೆ ಬಂದವರಿಗೆ ಅದೇ ಬಗೆ ಮತ್ತೆ ಬರುವುದಿಲ್ಲವಂತೆ.

ಆಮೇಲೆ ಮದೀನಾ ನನ್ನ ಮುಖಕ್ಕೇ ಮುಖ ಕೊಟ್ಟು ಕೇಳಿದಳು. "ಇವರೆಲ್ಲರ ಎದುರು ನನ್ನನ್ನ ಮಾಟಗಾತಿ ಅಂದ್ರಿ. ಇವರೆಲ್ಲರ ಎದುರೇ ಅಲ್ಲ ಅನ್ನಿ. ಅಂದ್ರೆ ಹೆತ್ತು ವಾಪಸ್ ಬರ್ತೀನಿ. ಇಲ್ಲಾಂದ್ರೆ ನಿಮ್ಮ ಮೊಮ್ಮಗು ಸಮುದ್ರ ನೋಡ್ಕೊಂಡು ಅಲ್ಲೇ ಬೆಳೆಯುತ್ತೆ."

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ಜನರ ಮುಂದೆ ಸೊಸೆ ಷರತ್ತು ಹಾಕುವುದೇ? ಗೋಡೆಯಾಚೆ ಬಖೀತಾಳ ತೋಬಿನ ಅಂಚು ಕಾಣುತ್ತಿತ್ತು. ಓಹಾಜ್ ನನ್ನನ್ನೇ ನೋಡುತ್ತಿದ್ದ. ಅವನು ಚಿಕ್ಕವನಾಗಿದ್ದಾಗ ಹೊಡೆತ ಬೀಳುವ ಮುಂಚೆ ನೋಡುತ್ತಿದ್ದ ಹಾಗೆ.

"ಬಖೀತಾ!" ಎಂದು ಕೂಗಿದೆ. "ಕಿವಿ ಅಲ್ಲೇ ಇದೆಯಲ್ಲ, ಕೇಳಿಸ್ಕೋ. ಓಣಿಗೆಲ್ಲ ಹೇಳು. ಗುಡಾಣದಲ್ಲಿ ಮಾಟ ಇರಲಿಲ್ಲ. ಮೊಟ್ಟೆ ಇತ್ತು. ಮೊಟ್ಟೆ ಇವಳದು, ಜ್ವರ ನನ್ನ ಮಗಂದು, ಅನುಮಾನ ನಂದು. ಇನ್ನು ಯಾವಳಾದ್ರೂ ನನ್ನ ಸೊಸೆನ ಮಾಟಗಾತಿ ಅಂದ್ರೆ ನಾಲಗೆ ಸೀಳ್ತೀನಿ."

ಒನೂರ್ ಬಗ್ಗಿ ಬಟ್ಟಲು ಎತ್ತಿ, ಆರಿದ ಕಾಫಿಯನ್ನೇ ಒಂದು ಗುಟುಕಿಗೆ ಕುಡಿದು ಕೆಳಗಿಟ್ಟ. "ಸಕ್ಕರೆ ಕಮ್ಮಿ," ಎಂದ.

"ಮೊದಲೇ ಕುಡಿದಿದ್ರೆ ಕೇಳಿ ಹಾಕ್ತಿದ್ದೆ."

ಲಾರಿಗೆ ಸಾಮಾನು ಏರಿಸುವಾಗ ಓಹಾಜ್ ಗುಡಾಣಕ್ಕೆ ಗೋಣಿ ಸುತ್ತಲು ಹೋದ. ಮದೀನಾ ತಡೆದಳು. "ಅದು ಇಲ್ಲೇ ಇರಲಿ." ಸೀಟಿನಲ್ಲಿ ದಿಂಬು ಸರಿಮಾಡಿಕೊಂಡು ನನ್ನ ಕಡೆ ನೋಡಿದಳು. "ಅತ್ತೆ, ಒಳಗೆ ಚೆನ್ನಾಗಿ ಉಜ್ಜಿಬಿಡಿ."

"ರುಚಿ ಹೋಗುತ್ತೆ ಅಂದಿದ್ದೆ."

"ಹೋದ್ರೆ ಹೋಗಲಿ."

ಲಾರಿ ತಿರುವು ದಾಟಿದ ಮೇಲೆ ಗುಡಾಣವನ್ನು ಬಗ್ಗಿಸಿ, ತೆಂಗಿನ ನಾರಿನ ಬ್ರಷ್ಷು ಹಿಡಿದು ಭುಜದವರೆಗೆ ಕೈ ಇಳಿಸಿದೆ. ಕುದಿಯುವ ನೀರು ಸುರಿದು ಉಜ್ಜಿದೆ, ಮತ್ತೆ ಸುರಿದು ಮತ್ತೆ ಉಜ್ಜಿದೆ. ಆಮೇಲೆ ನನ್ನ ಎರಡನ್ನೂ ಹಾಗೇ ಉಜ್ಜಿದೆ; ಒಳ್ಳೆ ಸೊಳ್ಳೆಯಾದರೂ ನನಗೆ ಅದನ್ನು ನಂಬಬೇಕೆಂದು ಯಾರು ಹೇಳಿದ್ದಾರೆ? ಮೂರಕ್ಕೂ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಬಿಸಿಲು ಓರೆಯಾಗುವ ಹೊತ್ತಿಗೆ ಒಂದೊಂದನ್ನೇ ಬಿಚ್ಚಿ ಗೋಡೆ ನೋಡಿದೆ. ಅಂದಿನಿಂದ ದಿನವೂ ನೋಡುತ್ತೇನೆ. ಓಹಾಜ್ ಬಂದರಿನಿಂದ ಬಂದರೆ ಸಲಾಮಿಗೂ ಮೊದಲು ಹಣೆ ಮುಟ್ಟುತ್ತೇನೆ, ಬೆಚ್ಚಗಿದ್ದರೆ ಸೊಳ್ಳೆಪರದೆಯೊಳಗೆ ದಬ್ಬುತ್ತೇನೆ.

ಮದೀನಾಳ ಗುಡಾಣದ ಮೊದಲ ಲೋಟ ನೀರನ್ನು ನಾನೇ ಕುಡಿದೆ. ನಿಜವಾಗಿಯೂ ಬರೀ ಮಣ್ಣಿನ ನಾತ. ಅವಳು ಕೂಸು ಎತ್ತಿಕೊಂಡು ಬರುವ ಹೊತ್ತಿಗೆ ಅದು ಹೋಗಬೇಕೆಂದು ದಿನವೂ ಹಳೆ ನೀರು ಚೆಲ್ಲಿ ಹೊಸದು ತುಂಬುತ್ತಿದ್ದೇನೆ.